ಇಂಟರ್ನಲ್ ಅಂದರೆ ಹಾಸ್ಟೆಲಿನವರಿಗೆ

ನಾನು ಪದವಿ ಕಾಲೇಜು ಸೇರಿದಾಗ ನನಗೆ ಇಪ್ಪತ್ಮೂರು, ಮಗಳಿಗೆ ಮೂರು. ಸೇರಲೇಬೇಕು ಅಂತ ಹಟ ಹಿಡಿದದ್ದು ನಾನಲ್ಲ, ನಮ್ಮ ಅತ್ತೆ.

ನನ್ನ ತವರು ಕಂದಿಕೆರೆ. ಅಲ್ಲಿಂದ ಚಿಕ್ಕನಾಯಕನಹಳ್ಳಿಗೆ ಓಡಾಡಿಕೊಂಡು ಪಿಯುಸಿ ಮುಗಿಸಿದೆ. ಫಲಿತಾಂಶ ಬಂದ ವರ್ಷವೇ ಮದುವೆಯಾಯಿತು. ಕಿಬ್ಬನಹಳ್ಳಿಯಿಂದ ಎರಡು ಮೈಲಿ ಒಳಗಿನ ಹಳ್ಳಿಗೆ ಸೊಸೆಯಾಗಿ ಬಂದೆ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಎರಡು ಹಸು. ಮನೆಯಲ್ಲಿ ನಮ್ಮ ಯಜಮಾನರು, ಅವರ ತಾಯಿ, ನಾನು, ಆಮೇಲೆ ಮಗಳು. ಓದಿನ ಮಾತು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ಒಂದು ಸಲ ಯುಗಾದಿ ಕಳೆದ ಮೇಲೆ ಅತ್ತೆ ಟ್ರಂಕಿನಲ್ಲಿದ್ದ ಸೀರೆಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ನನ್ನ ಧಾರೆ ಸೀರೆಯ ಮಡಿಕೆಯಿಂದ ಪಿಯುಸಿ ಅಂಕಪಟ್ಟಿ ಜಾರಿ ಅಂಗಳಕ್ಕೆ ಬಿತ್ತು. ಅತ್ತೆ ಏಳನೇ ಕ್ಲಾಸಿನವರೆಗೆ ಓದಿದವರು. ಹೈಸ್ಕೂಲು ದೂರ ಅಂತ ಬಿಡಿಸಿದ್ದರಂತೆ. ಅಂಕಪಟ್ಟಿಯನ್ನು ಎತ್ತಿಕೊಂಡು, ಜಗಲಿಯಲ್ಲಿ ಕೂತು, ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು.

"ಇತಿಹಾಸದಾಗೆ ಇಷ್ಟೊಂದು ತಗಂಡಿದ್ದೀಯಾ? ಯೋಳೇ ಇಲ್ವಲ್ಲೇ ನೀನು!"

"ಯಾರೂ ಕೇಳ್ಲಿಲ್ವಲ್ಲ ಅತ್ತೆ."

ಸಂಜೆ ಮಗ ತೋಟದಿಂದ ಬಂದ ಕೂಡಲೇ ಅತ್ತೆ ಹೇಳಿಬಿಟ್ಟರು: "ಇವಳನ್ನ ತಿಪಟೂರ್ ಕಾಲೇಜಿಗೆ ಸೇರ್ಸ್ಲಾ. ಮಗೂನ ನಾನ್ ನೋಡ್ಕತೀನಿ." ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಅವಳು ಓಗ್ತೀನಿ ಅಂದ್ರೆ ಓಗ್ಲಿ ಬುಡವ್ವ" ಅಂದರು. ಓಗ್ತೀನಿ ಅಂತ ನಾನು ಅಂದ ನೆನಪಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಅರ್ಜಿ ಹಾಕಬೇಕಾದದ್ದು ಕಂಪ್ಯೂಟರಿನಲ್ಲಿ. ಕಿಬ್ಬನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ, ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡವರೊಬ್ಬರ ಬಳಿ ಹೋದೆ. ಅಂಗಡಿ ತುಂಬ ಜನ. ಪಹಣಿ ತೆಗೆಸುವವರು, ಆಧಾರ್ ತಿದ್ದಿಸುವವರು. ಅವರು ಪರದೆ ನೋಡುತ್ತಲೇ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು.

"ಮೇಜರ್ ಏನಮ್ಮಾ?"

"ಆಗಿದೀನಿ ಕಣಣ್ಣ. ಇಪ್ಪತ್ಮೂರು."

ಅವರು ಕೀಲಿಮಣೆ ಬಿಟ್ಟು ನನ್ನ ಕಡೆ ತಿರುಗಿದರು. "ವಯಸ್ಸಲ್ಲ ಕಣಮ್ಮ, ಸಬ್ಜೆಕ್ಟು. ಮೇನ್ ಆಗಿ ಯಾವ್ದು ಓದ್ತೀಯ ಅಂತ."

ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ ಅಂದರು. ಕಿವಿಯೆಲ್ಲ ಬಿಸಿಯಾಯಿತು. ಇತಿಹಾಸ, ರಾಜ್ಯಶಾಸ್ತ್ರ ಅಂತ ಹೇಳಿದೆ, ಅಷ್ಟೆ. ಆಮೇಲೆ ಅವರು ಓಪನ್ ಎಲೆಕ್ಟಿವ್ ಯಾವುದು ಹಾಕಲಿ ಅಂದಾಗ ಬಾಯಿ ಬಿಡಲೇ ಇಲ್ಲ. ಅವರೇ ಮೇಲಿದ್ದ ಯಾವುದೋ ಒಂದನ್ನು ಒತ್ತಿದರು. ಅದು ಕಂಪ್ಯೂಟರ್ ವಿಷಯ ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಹೋಗಿ ಹತ್ತು ದಿನದ ಮೇಲೆ. ಅಲ್ಲಿಯವರೆಗೆ ಓಪನ್ ಎಲೆಕ್ಟಿವ್ ಅಂದರೆ ಬೇಕಾದರೆ ಕೂರುವ, ಬೇಡವಾದರೆ ಎದ್ದುಹೋಗುವ ಕ್ಲಾಸು ಅಂತ ತಿಳಿದು, ಆ ಹೊತ್ತಿಗೆ ಬಸ್ ಹತ್ತಿ ಮನೆಗೆ ಬರುತ್ತಿದ್ದೆ.

ಮೊದಲ ದಿನ ನಾನು ಕ್ಲಾಸಿನ ಬಾಗಿಲಲ್ಲಿ ನಿಂತಾಗ ಹುಡುಗ ಹುಡುಗಿಯರೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದರು. ಸೀರೆ ಉಟ್ಟಿದ್ದೆ, ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ. ಏನೂ ತೋಚದೆ ತಲೆಯಾಡಿಸಿದೆ. ಅವರು ಕೂತರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತಾಗ ಇಡೀ ಕೋಣೆ ಹಿಂದಕ್ಕೆ ತಿರುಗಿ ನೋಡಿತು. ಪಕ್ಕದಲ್ಲಿದ್ದ ಹುಡುಗಿ, ತುರುವೇಕೆರೆ ಕಡೆಯವಳು, ಹಾಸ್ಟೆಲಿನಲ್ಲಿದ್ದಳು. ಜರುಗಿ ಜಾಗ ಕೊಟ್ಟು, "ಅಕ್ಕ ಅನ್ಲಾ, ಮೇಡಂ ಅನ್ಲಾ?" ಅಂತ ಮೆಲ್ಲಗೆ ಕೇಳಿದಳು. ಅಕ್ಕ ಅನ್ನು ಅಂದೆ. ಮೂರು ವರ್ಷವೂ ಅವಳು ನನ್ನ ಪಕ್ಕವೇ ಕೂತಳು.

ಎಲ್ಲರಿಗಿಂತ ದೊಡ್ಡವಳು ನಾನೇ ಆದ್ದರಿಂದ ಎಲ್ಲ ಗೊತ್ತಿರುವವಳ ಹಾಗೆ ಇರಬೇಕು ಅಂತ ಅದು ಹೇಗೋ ನನಗೆ ಅನಿಸಿಬಿಟ್ಟಿತು. ವೇಳಾಪಟ್ಟಿಯಲ್ಲಿ ವಿಷಯದ ಹೆಸರಿಗೆ ಬದಲು ಮೂರು ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಸರ್‌ಗಳು, ಮೇಡಂಗಳು ಕ್ರೆಡಿಟ್ಟು, ಕೋರ್ಸು, ಸ್ಕೀಮು ಅಂತ ಹೇಳುವಾಗ ತಲೆ ಆಡಿಸಿದೆ. ನನಗೆ ಕೋರ್ಸ್ ಅಂದರೆ ಬಿ.ಎ., ಬಿ.ಕಾಂ. ಇಲ್ಲಿ ಒಂದೊಂದು ಪೇಪರನ್ನೂ ಕೋರ್ಸ್ ಅನ್ನುತ್ತಿದ್ದರು. ಹಾಗಾದರೆ ನಾನು ಎಷ್ಟು ಕೋರ್ಸ್ ಸೇರಿದ್ದೇನೆ, ಎಲ್ಲದಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕಿತ್ತೇ ಅಂತ ಎರಡು ದಿನ ಒಳಗೊಳಗೇ ಒದ್ದಾಡಿದೆ.

ಮನೆಗೆ ಬಂದರೆ ಅತ್ತೆ ಕಾಯುತ್ತಿರುತ್ತಿದ್ದರು. ಹಾಲು ಕರೆದು ಡೈರಿಗೆ ಹಾಕಿ ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇವತ್ತೇನ್ ಯೋಳ್ಕೊಟ್ರು?" ಅನ್ನುವರು. ಪಾಠ ಹೇಳಿದರೆ ಸಾಲದು, ಪುಸ್ತಕದ ಮೇಲೆ ಬರೆದಿರುವುದನ್ನೆಲ್ಲ ಕೇಳುವರು.

"ಇಲ್ಲಿ ಮೂರು ಕ್ರೆಡಿಟ್ ಅಂತ ಐತಲ್ಲ, ಅಂಗಂದ್ರೆ?"

ಗೊತ್ತಿಲ್ಲ ಅನ್ನುವುದಕ್ಕೆ ಆಗಲಿಲ್ಲ. ಟಿವಿಯಲ್ಲಿ ಯಾರೋ 'ಗೆದ್ದ ಕ್ರೆಡಿಟ್ ಅವರಿಗೇ ಸೇರಬೇಕು' ಅಂದದ್ದು ನೆನಪಾಯಿತು. "ಮರ್ಯಾದೆ ಅತ್ತೆ. ಆ ವಿಷಯಕ್ಕೆ ಇರೋ ಮರ್ಯಾದೆ."

ಅತ್ತೆ ಉಳಿದ ಪುಸ್ತಕಗಳನ್ನೂ ತಿರುವಿ ನೋಡಿದರು. "ಇತಿಹಾಸಕ್ಕೆ ಮೂರು ಮರ್ಯಾದೆ, ಕಂಪ್ಯೂಟರ್‌ಗೂ ಮೂರು ಮರ್ಯಾದೆ. ಅದೆಂಗ್ ಅಳೀತಾರೋ ಕಣಮ್ಮ" ಅಂದು ಎದ್ದುಹೋದರು.

ಹೀಗೆ ನಡೆಯುತ್ತಿರುವಾಗ ಸೂಚನಾ ಫಲಕದಲ್ಲಿ ಒಂದು ಕಾಗದ ಅಂಟಿಸಿದರು. ಮೊದಲ ಸೆಮಿಸ್ಟರಿನ ಇಂಟರ್ನಲ್ ಟೆಸ್ಟ್, ಮೂರು ದಿನ. ಪಕ್ಕದ ಹುಡುಗಿ ಅದನ್ನು ಓದಿ, "ನಾವೆಲ್ಲ ಹಾಸ್ಟೆಲ್‌ನಾಗೆ ಗುಂಪಾಗಿ ಕುತ್ಕಂಡು ಓದ್ತೀವಿ ಕಣಕ್ಕ ಇಂಟರ್ನಲ್‌ಗೆ" ಅಂದಳು.

ಇಂಟರ್ನಲ್ ಅಂದರೆ ಒಳಗಿನದು, ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೊರಗಿನಿಂದ ಕಟ್ಟುವವರನ್ನು ಎಕ್ಸ್‌ಟರ್ನಲ್ ಅನ್ನುತ್ತಿದ್ದುದೂ ಗೊತ್ತಿತ್ತು. ಎರಡನ್ನೂ ಕೂಡಿಸಿಕೊಂಡೆ. ಹಾಸ್ಟೆಲಿನ ಒಳಗಿರುವವರಿಗೆ ಇಂಟರ್ನಲ್. ನಾನು ದಿನಾ ಬಸ್ಸಿನಲ್ಲಿ ಬರುವವಳು, ಹೊರಗಿನವಳು. ನನಗೆ ಬೇರೆ ಯಾವಾಗಲೋ ಇಡುತ್ತಾರೆ.

ಪೂರ್ತಿ ನಿಜ ಹೇಳಬೇಕೆಂದರೆ, ಅದು ಸರಿಯೇ ಅಂತ ಯಾರನ್ನಾದರೂ ಕೇಳಬಹುದಿತ್ತು. ಪಕ್ಕದಲ್ಲೇ ಹುಡುಗಿ ಇದ್ದಳು. ಆದರೆ ಅದೇ ವಾರ ನಮ್ಮ ಮನೆಯಲ್ಲಿ ಅಟ್ಟದ ಕೊಬ್ಬರಿ ಇಳಿಸಿ ಸುಲಿಸುವ ಕೆಲಸ ಇತ್ತು. ಸುಲಿಯುವವರು ಐದು ಜನ, ಅವರಿಗೆ ಎರಡು ಹೊತ್ತು ಅಡುಗೆ. ಅತ್ತೆ ಒಬ್ಬರೇ ಹೇಗೆ ಮಾಡುತ್ತಾರೆ ಅಂತ ಯೋಚನೆ ಹತ್ತಿತ್ತು. ಇಂಟರ್ನಲ್ ನನಗಲ್ಲ ಅಂದುಕೊಂಡರೆ ಎಲ್ಲವೂ ಸರಿಹೋಗುತ್ತಿತ್ತು. ಹಾಗೇ ಅಂದುಕೊಂಡೆ. ಆ ಮೂರು ದಿನ ಮುದ್ದೆ ಕಟ್ಟಿದೆ, ಹುರುಳಿ ಸಾರು ಮಾಡಿದೆ, ಸಿಪ್ಪೆ ಗುಡ್ಡೆ ಹಾಕಿದೆ. "ಕಾಲೇಜು ಇಲ್ವೇನೇ?" ಅಂದರು ಅತ್ತೆ. "ಹಾಸ್ಟೆಲ್‌ನೋರಿಗೆ ಮಾತ್ರ ಪರೀಕ್ಷೆ ಅತ್ತೆ" ಅಂದೆ, ಪೂರ್ತಿ ನಂಬಿ.

ಹದಿನೈದು ದಿನ ಕಳೆದು ಅಂಕಗಳ ಪಟ್ಟಿ ಹಾಕಿದರು. ಎಲ್ಲರ ಜೊತೆ ನಾನೂ ಹೋಗಿ ನೋಡಿದೆ. ನನ್ನ ನಂಬರೂ ಇತ್ತು! ಅದರ ಮುಂದೆ ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಮೂರಕ್ಕೂ ಎ.ಬಿ. ಅಂತ ಇತ್ತು. ಉಳಿದವರಿಗೆಲ್ಲ ಅಂಕೆ, ನನಗೆ ಅಕ್ಷರ. ಹೊರಗಿನವರಿಗೆ ಹೀಗೆ ಗ್ರೇಡ್ ಕೊಡುತ್ತಾರೇನೋ, ಎ ಮತ್ತು ಬಿ ನಡುವಿನದು ಇರಬೇಕು ಅಂದುಕೊಂಡೆ. ಪರೀಕ್ಷೆ ಬರೆಯದೆ ಗ್ರೇಡ್ ಹೇಗೆ ಬಂತು ಅನ್ನುವ ಪ್ರಶ್ನೆ ಮನಸ್ಸಿನ ಮೂಲೆಯಲ್ಲಿ ಇತ್ತು. ಪಾಠ ಕೇಳುವ ರೀತಿ ನೋಡಿ ಕೊಟ್ಟಿರಬೇಕು ಅಂತ ಅದಕ್ಕೂ ಒಂದು ಉತ್ತರ ಹುಡುಕಿಕೊಂಡೆ.

ಅತ್ತೆಗೆ ಹೇಳಿದೆ. ಅವರು ಸಂತೋಷದಿಂದ ಕೊಬ್ಬರಿ ಮಿಠಾಯಿ ಮಾಡಿ ಅಕ್ಕಪಕ್ಕದ ಎರಡು ಮನೆಗೆ ಕೊಟ್ಟುಬಂದರು. "ನಮ್ ಸೊಸೆಗೆ ಎ.ಬಿ. ಬಂದೈತೆ" ಅಂತ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಮಾರನೆಯ ದಿನ ಇತಿಹಾಸದ ಮೇಡಂ ಕ್ಲಾಸ್ ಮುಗಿಸಿ ಹೊರಡುವಾಗ ನನ್ನನ್ನು ಕರೆದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಮೃದು ಮಾತಿನವರು.

"ಯಾಕ್ರೀ ಮೂರೂ ದಿನ ಆಬ್ಸೆಂಟು?"

"ಯಾವಾಗ ಮೇಡಂ?"

"ಇಂಟರ್ನಲ್‌ಗೆ. ಎ.ಬಿ. ಅಂತ ಹಾಕಿದೀವಲ್ಲ, ನೋಡ್ಲಿಲ್ವಾ?"

ಕಾರಿಡಾರಿನಲ್ಲಿ ಹುಡುಗರು ಓಡಾಡುತ್ತಿದ್ದರು. ನನಗೆ ಮೊದಲು ನೆನಪಾದದ್ದು ಕೊಬ್ಬರಿ ಮಿಠಾಯಿ. ಆಬ್ಸೆಂಟಿನ ಎ.ಬಿ.! ಹಾಸ್ಟೆಲಿನವರಿಗೆ ಅಂದುಕೊಂಡಿದ್ದೆ ಅಂತ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಾಯಿಂದ ಬಂದದ್ದು ಬೇರೆ.

"ಮಗೂಗೆ ಹುಷಾರಿರಲಿಲ್ಲ ಮೇಡಂ."

"ಅಯ್ಯೋ, ಹೌದಾ? ಹಾಗಾದ್ರೆ ಡಾಕ್ಟರ ಹತ್ತಿರ ಒಂದು ಸರ್ಟಿಫಿಕೇಟ್ ಬರೆಸ್ಕೊಂಡ್ ಬನ್ನಿ. ನೋಡೋಣ."

ಬಸ್ಸಿನಲ್ಲಿ ಕೂತು ಬರುವಾಗ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಸುಳ್ಳು ಸರ್ಟಿಫಿಕೇಟ್ ಬರೆಸುವುದೋ, ಕಾಲೇಜೇ ಬಿಡುವುದೋ. ಬಿಡುವುದೇ ಸುಲಭ ಅನಿಸಿತು. ಎರಡು ದಿನ ತಲೆನೋವು ಅಂತ ಮನೆಯಲ್ಲೇ ಉಳಿದೆ. ಮೂರನೆಯ ದಿನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾಗ ಅತ್ತೆ ಬಂದು ಕಂಬಕ್ಕೆ ಒರಗಿ ನಿಂತರು.

"ತಲೆನೋವಿನೋರು ಸಗಣಿ ಬಾಚಲ್ಲ ಕಣೇ. ಏನಾಯ್ತು ಯೋಳು."

ಹೇಳಿದೆ. ಮೇಜರ್‌ನಿಂದ ಹಿಡಿದು ಎ.ಬಿ.ವರೆಗೆ ಎಲ್ಲ. ಕ್ರೆಡಿಟ್ ಅಂದರೆ ಮರ್ಯಾದೆ ಅಂದದ್ದೂ ನನ್ನ ಊಹೆ ಅಂತ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಮಿಠಾಯಿ ಹಂಚಿದ್ದರ ಬಗ್ಗೆಯೂ ಏನೂ ಅನ್ನಲಿಲ್ಲ. ಅವರಿಗೆ ಸಿಟ್ಟು ಬಂದದ್ದು ಒಂದಕ್ಕೆ ಮಾತ್ರ.

"ಆಡ್ಕಂಡಿರೋ ಮಗೂನ ಕಾಯ್ಲೆ ಅಂದ್ಬುಟ್ಯಲ್ಲೇ! ಅಂಥ ಮಾತು ಬಾಯಾಗೆ ಬರ್ಬೌದಾ?"

ಒಳಗೆ ಹೋಗಿ ಮಗುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆಮೇಲೆ ಬಂದು, "ನಾಳೆ ನಾನೂ ಬತ್ತೀನಿ. ನಿಂಗೆ ಗೊತ್ತಾಗ್ದಿರೋ ಆ ಮಾತುಗಳ್ನೆಲ್ಲ ಒಂದ್ ಹಾಳೆಗೆ ಬರ್ಕೋ" ಅಂದರು.

ಬೇಡ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಬರೆದ ಪಟ್ಟಿಯನ್ನು ಮಡಿಸಿ ಸೆರಗಿನಲ್ಲಿ ಸಿಕ್ಕಿಸಿಕೊಂಡು, ಮಗುವನ್ನು ಎತ್ತಿಕೊಂಡು, ಬೆಳಗಿನ ಬಸ್ಸಿಗೆ ಬಂದೇಬಿಟ್ಟರು. ಅಧ್ಯಾಪಕರ ಕೋಣೆಯಲ್ಲಿ ಇತಿಹಾಸದ ಮೇಡಂ ಒಬ್ಬರೇ ಇದ್ದರು. ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು.

"ಮೇಡಮ್ಮೋರೆ, ಮಗೂಗೆ ಏನೂ ಆಗಿರ್ಲಿಲ್ಲ. ಇವಳು ನಾಚ್ಕಂಡು ಅಂಗಂದವ್ಳೆ. ಇಂಟರ್ನಲ್ ಅಂದ್ರೆ ಹಾಸ್ಟೆಲ್‌ನೋರಿಗೆ ಅಂತ ತಿಳ್ಕಂಡು ಮನ್ಯಾಗೆ ಮುದ್ದೆ ಕಟ್ಟವ್ಳೆ. ತಪ್ಪಾಯ್ತು. ಈಗ ನಿಜವಾಗ್ಲೂ ಇಂಟರ್ನಲ್ ಅಂದ್ರೆ ಏನು, ಒಸಿ ಯೋಳ್ರಿ."

ಮೇಡಂ ನನ್ನನ್ನು ನೋಡಿದರು. ನಾನು ಮಗಳ ಜಡೆ ಸರಿಮಾಡುತ್ತಿದ್ದೆ. ಆಮೇಲೆ ಅವರು ಎದ್ದು ಅತ್ತೆಗೆ ಕುರ್ಚಿ ಎಳೆದು ಹಾಕಿದರು. ನೂರರಲ್ಲಿ ನಲವತ್ತು ಅಂಕ ನಮ್ಮ ಕಾಲೇಜಿನಲ್ಲೇ, ಟೆಸ್ಟು, ಅಸೈನ್‌ಮೆಂಟು, ಹಾಜರಾತಿ ನೋಡಿ ನಾವೇ ಕೊಡೋದು, ಅದು ಇಂಟರ್ನಲ್. ಉಳಿದ ಅರವತ್ತು ವಿಶ್ವವಿದ್ಯಾಲಯದವರು ಇಡುವ ಪರೀಕ್ಷೆಗೆ ಅಂತ ಬಿಡಿಸಿ ಹೇಳಿದರು. ಅತ್ತೆ ಸೆರಗಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು.

"ಕ್ರೆಡಿಟ್ಟು?"

"ವಾರಕ್ಕೆ ಎಷ್ಟು ಗಂಟೆ ಪಾಠ ಅನ್ನೋದರ ಲೆಕ್ಕ ಅಮ್ಮ. ಮೂರು ಗಂಟೆ ಪಾಠ ಇದ್ರೆ ಮೂರು ಕ್ರೆಡಿಟ್."

"ಮರ್ಯಾದೆ ಅಲ್ಲ ಅಂಗಾರೆ." ನನ್ನ ಕಡೆ ಒಂದು ನೋಟ. "ಈ ಶಾರ್ಟೇಜು?"

ಅಷ್ಟರಲ್ಲಿ ಪಕ್ಕದ ಬೆಂಚಿನ ಹುಡುಗಿ ಏನೋ ಪುಸ್ತಕ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು. "ಮೇಡಂ, ಅದು ನಂಗೂ ಗೊತ್ತಿಲ್ಲ, ನಾನೂ ಕೇಳ್ಸ್ಕತೀನಿ" ಅಂದಳು. ನನಗೆ ಆಶ್ಚರ್ಯವಾಯಿತು. ಅವಳು ಎಲ್ಲದಕ್ಕೂ ಪಟಪಟ ತಲೆಯಾಡಿಸುವುದನ್ನು ನೋಡಿ ನಾನೂ ಆಡಿಸುತ್ತಿದ್ದೆ. ಆಮೇಲೆ ಕೇಳಿದರೆ, "ನೀನು ಆಡ್ಸೋದ್ ನೋಡಿ ನಾನ್ ಆಡ್ಸ್ತಿದ್ದೆ ಕಣಕ್ಕ" ಅಂದಳು.

ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಅದಕ್ಕೆ ಶಾರ್ಟೇಜ್ ಅನ್ನುತ್ತಾರೆ ಅಂತ ಮೇಡಂ ಹೇಳಿದರು. ಓಪನ್ ಎಲೆಕ್ಟಿವ್ ಅಂದರೆ ನಿನ್ನ ವಿಷಯಗಳ ಹೊರಗಿನಿಂದ ನೀನೇ ಆರಿಸಿಕೊಳ್ಳುವುದು, ಆರಿಸಿಕೊಂಡ ಮೇಲೆ ಕೂರಲೇಬೇಕು ಅಂದರು. ನಾನು ಮೊದಲ ಹತ್ತು ದಿನ ಬಿಟ್ಟು ಬಸ್ ಹತ್ತಿ ಬಂದ ಕ್ಲಾಸುಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದೆ. ಪಟ್ಟಿಯ ಕೊನೆಯಲ್ಲಿ, ಮೂರನೇ ವರ್ಷದ ಮೇಲೆ ನಾಲ್ಕನೇ ವರ್ಷವೂ ಓದಬೇಕಂತೆ, ಹೌದೇ ಅಂತ ಒಂದು ಪ್ರಶ್ನೆ ಇತ್ತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ನಮಗೂ ಸರಿಯಾಗಿ ಗೊತ್ತಿಲ್ಲ ಅಮ್ಮ. ಸ್ಕೀಮ್ ಬದಲಾಗ್ತಾ ಇದೆ. ಒಂದು ಸುತ್ತೋಲೆ ಹಂಗೆ ಅನ್ನುತ್ತೆ, ಇನ್ನೊಂದು ಹಿಂಗೆ ಅನ್ನುತ್ತೆ."

"ಓ, ನಿಮ್ಗೂ ಅಂಗೇ!" ಅಂದ ಅತ್ತೆಯ ದನಿಯಲ್ಲಿ ಅದೇನೋ ನೆಮ್ಮದಿ ಇತ್ತು.

ಮೇಡಂ ತಮ್ಮ ವಿಷಯಕ್ಕೆ ಇನ್ನೊಂದು ಟೆಸ್ಟ್ ಕೊಟ್ಟರು. ಕನ್ನಡದ ಸರ್ ಕೂಡ ಒಪ್ಪಿದರು. ರಾಜ್ಯಶಾಸ್ತ್ರದ ಸರ್ ಒಪ್ಪಲಿಲ್ಲ. "ಒಬ್ಬರಿಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗುತ್ತಮ್ಮ" ಅಂದರು. ಅವರದ್ದೂ ತಪ್ಪಲ್ಲ. ಆ ಪೇಪರಿನಲ್ಲಿ ನಾನು ಸ್ವಲ್ಪದರಲ್ಲಿ ಫೇಲಾದೆ. ಫೇಲಾದರೆ ವರ್ಷವೇ ಹೋಯಿತು ಅಂತ ಮನೆಗೆ ಬಂದು ಅಳುತ್ತಾ ಕೂತೆ. ಬ್ಯಾಕ್‌ಲಾಗ್ ಅನ್ನುತ್ತಾರೆ, ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು ಅಂತ ಗೊತ್ತಾದದ್ದು ಮರುದಿನ. ಮುಂದಿನ ವರ್ಷ ಬರೆದು ಪಾಸಾದೆ.

ಹೀಗೆ ಮೂರು ವರ್ಷ ಕಳೆಯಿತು. ಮಗಳು ಶಾಲೆಗೆ ಸೇರಿದಳು. ಯಜಮಾನರು ಬೆಳಿಗ್ಗೆ ಬೈಕಿನಲ್ಲಿ ಕಿಬ್ಬನಹಳ್ಳಿಗೆ ತಂದು ಬಿಡುವುದು, ಸಂಜೆ ನಾನು ಸಿಕ್ಕಿದ ಆಟೋದಲ್ಲಿ ಬರುವುದು ಅಭ್ಯಾಸವಾಯಿತು. ಕೊನೆಯ ಸೆಮಿಸ್ಟರಿನ ಪರೀಕ್ಷೆ ಮುಗಿದ ದಿನ ಇತಿಹಾಸದ ಮೇಡಂ, "ಇಲ್ಲಿಗೆ ನಿಲ್ಲಿಸ್ಬೇಡಿ. ತುಮಕೂರಿನಲ್ಲಿ ಪಿ.ಜಿ. ಮಾಡಿ" ಅಂದರು. ಊಟಕ್ಕೆ ಬಡಿಸುವಾಗ ಅದನ್ನೇ ಮನೆಯಲ್ಲಿ ಹೇಳಿದೆ.

ಅತ್ತೆ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಮರುದಿನ ನನ್ನ ಜೊತೆ ಮಾತು ಕಡಿಮೆಯಾಯಿತು, ಅದರ ಮರುದಿನ ಇನ್ನೂ ಕಡಿಮೆ. ಓದು ಸಾಕು ಅನಿಸಿರಬೇಕು, ಮೂರು ವರ್ಷ ಮಗು, ಮನೆ ಎರಡನ್ನೂ ನೋಡಿಕೊಂಡು ದಣಿದಿರಬೇಕು ಅಂದುಕೊಂಡೆ. ಕೇಳಲು ಧೈರ್ಯ ಬರಲಿಲ್ಲ. ಇಷ್ಟೆಲ್ಲ ಆದ ಮೇಲೂ ನಾನು ಕೇಳಲಿಲ್ಲ, ಅದು ನನ್ನ ಬುದ್ಧಿ. ಯಜಮಾನರನ್ನು ಕೇಳಿದರೆ, "ನನ್ನತ್ರಾನೂ ಮಾತಾಡ್ತಿಲ್ಲ ಕಣೇ, ಏನೋ ಗೊತ್ತಿಲ್ಲ" ಅಂದರು.

ನಾಲ್ಕನೆಯ ದಿನ ಅಂಗಳಕ್ಕೆ ಬಂದು ನೋಡಿದರೆ ಅತ್ತೆ ಕೊಬ್ಬರಿ ತುರಿದು, ಮೆಣಸಿನಕಾಯಿ ಹುರಿದು, ಎರಡು ಡಬ್ಬ ತುಂಬುವಷ್ಟು ಚಟ್ನಿಪುಡಿ ಮಾಡುತ್ತಿದ್ದರು. ಪಕ್ಕದಲ್ಲಿ ಒಂದು ಹೊಸ ಪ್ಲಾಸ್ಟಿಕ್ ಬಕೆಟ್, ಮಗ್ಗು, ಬೀಗದ ಕೈ ಸಮೇತ ಒಂದು ಬೀಗ.

"ಇದೆಲ್ಲ ಯಾರಿಗೆ ಅತ್ತೆ?"

"ನಿಂಗೇ. ನಮ್ಮಣ್ಣನ ಮಗಳು ಟ್ರೈನಿಂಗ್‌ಗೆ ಅಂತ ಪಿ.ಜಿ.ನಾಗೆ ಇದ್ಲಲ್ಲ, ಬಕೆಟ್ಟು ಬೀಗ ಎಲ್ಲ ನಾವೇ ತಗಂಡೋಗ್ಬೇಕಂತೆ. ಊಟ ಚೆನ್ನಾಗಿರಲ್ವಂತೆ." ಅವರು ತಲೆ ಎತ್ತಲಿಲ್ಲ. "ಮಗೂನ ವಾರಕ್ಕೊಂದ್ ಸಲ ಕರ್ಕಂಡ್ ಬತ್ತೀನಿ. ಓದು ಅಂದೋಳು ನಾನೇ, ಈಗ ಬ್ಯಾಡ ಅನ್ನಾಕಾಗಲ್ಲ ಬುಡು."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದಾಗ ನಗು ಬರಲಿಲ್ಲ. ಅವರ ಪಕ್ಕ ಕುಳಿತುಕೊಂಡೆ. ಆ ಪಿ.ಜಿ. ಬೇರೆ, ಈ ಪಿ.ಜಿ. ಬೇರೆ, ಅದು ದುಡ್ಡು ಕೊಟ್ಟು ಇರುವ ಮನೆ, ಇದು ಓದಿನ ಹೆಸರು, ಎಂ.ಎ., ಮನೆ ಬಿಡುವುದೇನೂ ಬೇಡ, ಇಲ್ಲಿಂದಲೇ ಬಸ್ಸಿನಲ್ಲಿ ಹೋಗಿಬರಬಹುದು ಅಂತ ಹೇಳಿದೆ. ಒನಕೆ ಹಿಡಿದ ಅವರ ಕೈ ಹಾಗೇ ನಿಂತಿತು.

"ದಿನಾ ಸಂಜೆ ಮನೆಗೆ ಬತ್ತೀಯಾ?"

"ಬರ್ತೀನಿ ಅತ್ತೆ."

"ಅದ್ಯಾಕೆ ಎರಡಕ್ಕೂ ಒಂದೇ ಹೆಸರಿಟ್ಟವ್ರೆ, ಮನೆಹಾಳರು!" ಅಂದರು. ಕಣ್ಣು ಒರೆಸಿಕೊಂಡದ್ದು ಮೆಣಸಿನಕಾಯಿ ಘಾಟಿಗೋ ಏನೋ ನನಗೆ ಗೊತ್ತಿಲ್ಲ. ನಾಲ್ಕು ದಿನ ಅವರು ನನ್ನನ್ನು ಕಳಿಸಿಕೊಡಲು ಒಳಗೇ ಸಿದ್ಧವಾಗುತ್ತಿದ್ದರು. ನಾನು ಅದನ್ನು ಮುನಿಸು ಅಂದುಕೊಂಡಿದ್ದೆ.

ಈಗ ಎಂ.ಎ.ಗೆ ಅರ್ಜಿ ಹಾಕಿದ್ದೇನೆ. ಹೋದ ವಾರ ಮೊದಲ ಪಟ್ಟಿ ಬಂತು. ಫೋನಿನಲ್ಲಿ ತೆರೆದು ನೋಡಿದೆವು. ನನ್ನ ಹೆಸರಿದೆ. ಅದರ ಮುಂದೆ ನಾಲ್ಕು ಇಂಗ್ಲಿಷ್ ಅಕ್ಷರ, ಒಂದು ಗೀಟು, ಒಂದು ಅಂಕೆ. ಸೀಟು ಸಿಕ್ಕಿದೆಯೋ, ಕಾಯಬೇಕೋ, ಸಿಕ್ಕಿಲ್ಲವೋ ತಿಳಿಯುತ್ತಿಲ್ಲ. ಯಜಮಾನರು ಸಿಕ್ಕಿದೆ ಅನ್ನುತ್ತಾರೆ. ನನಗೆ ಅನುಮಾನ. ಅತ್ತೆ ಮಾತ್ರ, "ಗೊತ್ತಾಗೋಗಂಟ ಮಿಠಾಯಿ ಮಾಡಲ್ಲ" ಅಂದಿದ್ದಾರೆ. ಸೋಮವಾರ ತುಮಕೂರಿಗೆ ಹೋಗಿ ಕೇಳಬೇಕು. ಯಾವ ಕೋಣೆಯಲ್ಲಿ, ಯಾರನ್ನು ಕೇಳಬೇಕು ಅನ್ನುವುದು ಇನ್ನೂ ಗೊತ್ತಾಗಿಲ್ಲ.